ತಾವರೆಯ ನೆಂಟರು

ಕೇಳುಗರೆ, ನಮಸ್ಕಾರ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕೆ.ಆರ್. ಮಾರುಕಟ್ಟೆಯಿಂದ ಒಂದು ಜೊತೆ ತಾವರೆ ತಂದಿದ್ದೆ. ಒಂದು ಕಳಶದ ಮುಂದೆ ಕುಳಿತಿತು. ಇನ್ನೊಂದನ್ನು ಹಬ್ಬದ ಸಂಜೆ ಊಟದ ಮೇಜಿನ ಮೇಲಿಟ್ಟುಕೊಂಡು, ಪಕ್ಕದಲ್ಲಿ ನಮ್ಮ ತಾರಸಿಯ ಸಿಮೆಂಟ್ ತೊಟ್ಟಿಯಲ್ಲಿ ಅರಳಿದ ನೈದಿಲೆಯೊಂದನ್ನು ಇಟ್ಟು, ಎರಡನ್ನೂ ಎಸಳು ಎಸಳಾಗಿ ಬಿಡಿಸಿದೆ. ಮೊದಮೊದಲು ಅಕ್ಕತಂಗಿಯರಂತೆಯೇ ಕಾಣುತ್ತವೆ. ಎಸಳು ಬಹಳ, ಕೇಸರವೂ ಬಹಳ. ನಡುವಿಗೆ ಬಂದಾಗ ಮಾತ್ರ ದಾರಿ ಕವಲೊಡೆಯುತ್ತದೆ. ತಾವರೆಯ ನಡುವೆ ಷವರಿನ ಬಾಯಿಯಂಥ ಹಳದಿ ಪೀಠವೊಂದಿದೆ. ಅದರಲ್ಲಿ ಪುಟ್ಟ ಪುಟ್ಟ ಗುಳಿಗಳು, ಗುಳಿಗೊಂದರಂತೆ ಬಿಡಿಬಿಡಿಯಾದ ಅಂಡಾಶಯ. ನೈದಿಲೆಯಲ್ಲಿ ಇಂಥ ಪೀಠವಿಲ್ಲ. ಎಲ್ಲವೂ ಕೂಡಿಕೊಂಡು ಒಂದೇ ಬಟ್ಟಲಾಗಿದೆ. ಎಲೆಯನ್ನು ನೋಡಿ: ತಾವರೆಯದು ನೀರಿನಿಂದ ಮೇಲೆದ್ದು ಕೊಡೆಯಂತೆ ನಿಲ್ಲುತ್ತದೆ, ದಂಟು ನಟ್ಟನಡುವಿಗೆ ಸೇರಿರುತ್ತದೆ. ನೈದಿಲೆಯ ಎಲೆಗೆ ಒಂದು ಸೀಳು, ಅದು ನೀರಿಗೆ ಒರಗಿಯೇ ತೇಲುತ್ತದೆ.

ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದವಳು. ವೃತ್ತಿಯ ಮೊದಲ ವರ್ಷಗಳಲ್ಲಿ, ಬೆಂಥಮ್ ಮತ್ತು ಹೂಕರ್ ಎಂಬ ಹಳೆಯ ಸಸ್ಯಶಾಸ್ತ್ರಜ್ಞರ ವರ್ಗೀಕರಣದಂತೆ, ಇವೆರಡನ್ನೂ ಒಂದೇ ಕುಟುಂಬಕ್ಕೆ ಸೇರಿಸಿ ಮಕ್ಕಳಿಗೆ ಬರೆಸಿದ್ದೇನೆ. ಆ ಮಕ್ಕಳಲ್ಲಿ ಯಾರಾದರೂ ಈಗ ಕೇಳುತ್ತಿದ್ದರೆ ದಯವಿಟ್ಟು ತಿದ್ದಿಕೊಳ್ಳಬೇಕು. ತಾವರೆಯ ದಾಯಾದಿ ನೈದಿಲೆಯಲ್ಲ, ಸಿಲ್ವರ್ ಓಕ್. ಕಾಫಿ ತೋಟದವರು ಸಿಲ್ವರ್ ಮರ ಎಂದು ಕರೆದು ಮೆಣಸಿನ ಬಳ್ಳಿ ಹಬ್ಬಿಸುವ, ಬೆಂಗಳೂರಿನ ಎಷ್ಟೋ ಬೀದಿಗಳಲ್ಲಿ ನೆಟ್ಟಗೆ ನಿಂತಿರುವ ಅದೇ ಮರ.

ಪರಾಗ ಇದನ್ನು ಮೊದಲೇ ಹೇಳುತ್ತಿತ್ತು. ನೈದಿಲೆಯ ಪರಾಗಕಣವನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಒಂದೇ ಸೀಳು, ಅದೂ ಉಂಗುರದಂತೆ ಸುತ್ತಿಕೊಂಡದ್ದು. ತಾವರೆಯದಕ್ಕೆ ಮೂರು ಸೀಳು. ಈ ಮೂರು ಸೀಳಿನ ಪರಾಗ ಒಂದು ದೊಡ್ಡ ಮನೆತನದ ಗುರುತು: ಅವರೆ, ಹುಣಸೆ, ಬದನೆ, ಮಾವು, ಹೀಗೆ ಹೂಬಿಡುವ ಸಸ್ಯಗಳಲ್ಲಿ ಸುಮಾರು ಮುಕ್ಕಾಲು ಪಾಲು ಆ ಮನೆತನದವು. ಕಣ್ಣೆದುರಿಗೇ ಇದ್ದ ಸಾಕ್ಷಿಯನ್ನು ಹೂವಿನ ಚೆಲುವು ಮರೆಮಾಡಿತ್ತು. 1993ರಲ್ಲಿ ವಿಜ್ಞಾನಿಗಳ ದೊಡ್ಡದೊಂದು ತಂಡ ಎಲೆಗೆ ಹಸಿರು ಕೊಡುವ ಕಣವಾದ ಕ್ಲೋರೋಪ್ಲಾಸ್ಟಿನಲ್ಲಿರುವ ಒಂದೇ ಒಂದು ವಂಶವಾಹಿಯನ್ನು ಸುಮಾರು 500 ಸಸ್ಯಗಳಲ್ಲಿ ಓದಿ ಹೋಲಿಸಿದ ಮೇಲೆ ಇಂಥ ನೆಂಟಸ್ತಿಕೆಗಳನ್ನು ತಳ್ಳಿಹಾಕುವಂತಿರಲಿಲ್ಲ. ಸಸ್ಯವಿಜ್ಞಾನಿಗಳು ಹೊಸದಾಗಿ ವರ್ಗೀಕರಿಸಿದ 2016ರ ಪಟ್ಟಿಯಲ್ಲಿ ಹೂಬಿಡುವ ಸಸ್ಯಗಳಿಗೆ 416 ಕುಟುಂಬಗಳಿವೆ. ತಾವರೆ, ಸಿಲ್ವರ್ ಓಕ್, ಕಾಶ್ಮೀರದ ಚಿನಾರ್, ಈ ಮೂರರ ಕುಟುಂಬಗಳು ಅಲ್ಲಿ ಒಂದೇ ಗಣದಲ್ಲಿ, ಅಂದರೆ ಹತ್ತಿರದ ಕುಟುಂಬಗಳ ಒಂದೇ ಗುಂಪಿನಲ್ಲಿ, ಕುಳಿತಿವೆ. ಅವುಗಳ ಪೂರ್ವಜರು ಬೇರೆಯಾದದ್ದು 10 ಕೋಟಿ ವರ್ಷಗಳಿಗೂ ಹಿಂದೆ. ಒಂದು ಕವಲು ನೀರಿಗಿಳಿಯಿತು, ಉಳಿದವು ನೆಲದಲ್ಲಿ ಮರವಾಗಿ ನಿಂತವು. ತಾವರೆಗೂ ನೈದಿಲೆಗೂ ಒಂದೇ ಬಗೆಯ ಉಡುಪು ತೊಡಿಸಿದ್ದು ರಕ್ತಸಂಬಂಧವಲ್ಲ, ಕೆರೆಯ ಬಾಳು. ಅಂಗಡಿಯಲ್ಲಿ ತಾವರೆ ಬೀಜ ಎಂದು ಮಾರುವ ಮಖಾನವೂ ತಾವರೆಯದಲ್ಲ ಎನ್ನುವುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅದು ನೈದಿಲೆಯ ಕುಟುಂಬದ ಗಿಡ.

ಹಾಗೆಂದು ನೈದಿಲೆ ಕಡಿಮೆಯದೇನಲ್ಲ, ಅದರದು ಬಹಳ ಹಳೆಯ ಮನೆ. ಹೂಬಿಡುವ ಸಸ್ಯಗಳ ಖಚಿತ ಪಳೆಯುಳಿಕೆಗಳು ಸುಮಾರು 13 ಕೋಟಿ ವರ್ಷ ಹಿಂದಿನಿಂದ ಸಿಗುತ್ತವೆ. ಆಮೇಲೆ ಇದ್ದಕ್ಕಿದ್ದಂತೆ ಎಲ್ಲೆಲ್ಲೂ ಅವೇ. ಇದು ಹೇಗಾಯಿತು ಎಂಬ ಒಗಟು ಡಾರ್ವಿನ್ನನನ್ನು ಕಾಡಿತು. 1879ರಲ್ಲಿ ಅದನ್ನು ಹೇಳಿಕೊಂಡು ಅವನು ಕಾಗದ ಬರೆದದ್ದು ಇದೇ ಹೂಕರನಿಗೆ. ಇಂದು ಉಳಿದಿರುವ ಹೂಗಿಡಗಳಲ್ಲಿ ಎಲ್ಲಕ್ಕಿಂತ ಮೊದಲು ಬೇರೆಯಾದ ಕವಲಿನಲ್ಲಿ ಒಂದೇ ಒಂದು ಪ್ರಭೇದ ಬದುಕಿದೆ. ಅಂಬೊರೆಲ್ಲ ಎಂಬ ಆ ಪೊದೆ ಆಸ್ಟ್ರೇಲಿಯದ ಪೂರ್ವಕ್ಕಿರುವ ನ್ಯೂ ಕ್ಯಾಲಿಡೋನಿಯ ದ್ವೀಪದಲ್ಲಿ ಬಿಟ್ಟರೆ ಕಾಡಿನಲ್ಲಿ ಇನ್ನೆಲ್ಲೂ ಇಲ್ಲ. ಅದರ ಬೆನ್ನಿಗೇ ಬೇರೆಯಾದದ್ದು ನೈದಿಲೆಯ ಕವಲು.

ಇನ್ನು ಊರೂರು ಹಂಚಿಹೋದ ಬಗೆ. ಸಿಲ್ವರ್ ಓಕ್ ಪೂರ್ವ ಆಸ್ಟ್ರೇಲಿಯದ ಮರ. ಅದರ ಕುಟುಂಬ ಪ್ರೋಟಿಯೇಸಿಯ ನೆಲೆಗಳು ಹೆಚ್ಚಾಗಿ ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ, ದಕ್ಷಿಣ ಅಮೆರಿಕ, ಅಂದರೆ ಒಂದು ಕಾಲದಲ್ಲಿ ಗೊಂಡ್ವಾನ ಎಂಬ ಒಂದೇ ಭೂಖಂಡವಾಗಿದ್ದ ನೆಲಗಳು. ತಾವರೆಯ ಮನೆಯಲ್ಲಿ ಈಗ ಉಳಿದಿರುವುದು ಎರಡೇ ಪ್ರಭೇದ: ನಮ್ಮದು, ಮತ್ತು ಉತ್ತರ ಅಮೆರಿಕದ ಹಳದಿ ತಾವರೆ. ನಡುವೆ ಇಡೀ ಸಾಗರ.

ಭೂಖಂಡವನ್ನೇ ದೋಣಿ ಮಾಡಿಕೊಂಡು ಬಂದವೂ ಇವೆ. ನಮ್ಮ ಮಲೆನಾಡಿನ ಸಾಲುಧೂಪದ ಕುಟುಂಬದ್ದು ಅಂಥ ಕತೆ. ಈ ಕುಟುಂಬದ ಮರಗಳು ಇಂದು ಆಗ್ನೇಯ ಏಷ್ಯದ ಮಳೆಕಾಡನ್ನು ಆಳುತ್ತವೆ. ಆದರೆ ಹಳೆಯ ಪರಾಗಕಣಗಳನ್ನು ಹುಡುಕಿ ಹೋಲಿಸಿದ 2022ರ ಅಧ್ಯಯನವೊಂದು ಅವುಗಳ ತವರು ಆಫ್ರಿಕ ಎನ್ನುತ್ತದೆ. ಅಲ್ಲಿಂದ ಭಾರತಕ್ಕೆ ದಾಟಿ, ಉತ್ತರಕ್ಕೆ ಸರಿಯುತ್ತಿದ್ದ ಭಾರತದೊಡನೆ ಸಾಗಿ, ಸುಮಾರು 5 ಕೋಟಿ ವರ್ಷ ಹಿಂದೆ ನಮ್ಮ ನೆಲ ಏಷ್ಯಕ್ಕೆ ತಾಗಿದಾಗ ಅವು ಆಚೆಗೆ ಇಳಿದುಹೋದವು. ಗುಜರಾತಿನ ಲಿಗ್ನೈಟ್ ಗಣಿಗಳಲ್ಲಿ ಆ ಕಾಲದ ಧೂಪ, ಅಂದರೆ ಈ ಮರಗಳ ಅಂಟು, ಗಟ್ಟಿಯಾಗಿ ಪಳೆಯುಳಿಕೆಯಾದ ಅಂಬರಾಗಿ ಸಿಕ್ಕಿದೆ, ಒಳಗೆ ಕೀಟಗಳ ಸಮೇತ. ಈ ಅಂಬರನ್ನು ದ್ರಾವಕದಲ್ಲಿ ಕರಗಿಸಿ ಕೀಟವನ್ನು ಇಡಿಯಾಗಿ ಹೊರತೆಗೆಯಬಹುದು. ಅದನ್ನು ಮೊದಲ ಬಾರಿ ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ನೆಲದ ಸವಾರಿಯ ಹಂಗಿಲ್ಲದೆ ಹೊರಟವರೂ ಇದ್ದಾರೆ, ಅವರನ್ನು ನೋಡಲು ಬೆಂಗಳೂರಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ನಮ್ಮ ಜಯನಗರದ ಕಡೆ ಒಂದು ಬೆಳಗಿನ ನಡಿಗೆಯಲ್ಲಿ ಬಿಗ್ನೋನಿಯ ಕುಟುಂಬದ ನಾಲ್ಕು ಮರಗಳು ಎದುರಾಗುತ್ತವೆ. ದಕ್ಷಿಣ ಅಮೆರಿಕದ ನೀಲಿ ಜಕರಂಡ. ಮಧ್ಯ ಅಮೆರಿಕದ ಕಡೆಯ ಗುಲಾಬಿ ಟಬೂಬಿಯಾ. ಆಫ್ರಿಕದ ನೀರುಕಾಯಿ ಮರ. ಅದರ ಮೊಗ್ಗನ್ನು ಹಿಚುಕಿ ಒಬ್ಬರ ಮೇಲೊಬ್ಬರು ನೀರು ಚಿಮ್ಮಿಸದೆ ಬೆಳೆದ ಮಕ್ಕಳು ಈ ಊರಿನಲ್ಲಿ ಕಡಿಮೆ. ಕೊನೆಗೆ ನಮ್ಮದೇ ಏಷ್ಯದ ಆಕಾಶಮಲ್ಲಿಗೆ. ಈ ಕುಟುಂಬ ಕವಲೊಡೆದದ್ದು ಅಮೆರಿಕ ಖಂಡದಲ್ಲಿ. ಆ ಹೊತ್ತಿಗೆ ದಕ್ಷಿಣ ಅಮೆರಿಕ ಮತ್ತು ಆಫ್ರಿಕದ ನಡುವೆ ಸಾಗರ ಬಾಯ್ತೆರೆದು ಬಹಳ ಕಾಲವಾಗಿತ್ತು. ಆದ್ದರಿಂದ ಕೆಲವು ಕವಲುಗಳು ಹೇಗೋ ದಾಟಿಯೇ ಬಂದಿರಬೇಕು, ಅದೂ ಬೇರೆ ಬೇರೆ ಕಾಲದಲ್ಲಿ. ಹೀಗೆ ಕೋಟ್ಯಂತರ ವರ್ಷ ಅಗಲಿದ್ದ ಬಳಗವನ್ನು ಒಂದೇ ಬೀದಿಗೆ ತಂದು ನಿಲ್ಲಿಸಿದವರು ಮನುಷ್ಯರು. 1908ರಲ್ಲಿ ಲಾಲ್‌ಬಾಗ್‌ನ ಹೊಣೆ ಹೊತ್ತ ಜರ್ಮನಿಯ ಕೃಂಬಿಗಲ್, ವರ್ಷದ ಯಾವ ತಿಂಗಳಲ್ಲೂ ಊರಿನಲ್ಲಿ ಯಾವುದಾದರೊಂದು ಸಾಲುಮರ ಹೂಬಿಟ್ಟಿರಬೇಕೆಂದು ಯೋಜಿಸಿದವರು. ಅವರ ಹೆಸರಿನ ರಸ್ತೆ ಲಾಲ್‌ಬಾಗ್‌ನ ಮಗ್ಗುಲಲ್ಲೇ ಇದೆ.

ನಾಲ್ಕೂ ಮರಗಳ ಬೀಜಕ್ಕೆ ತೆಳ್ಳನೆಯ ರೆಕ್ಕೆ ಇರುತ್ತದೆ. ಬೇಸಿಗೆಯಲ್ಲಿ ಜಕರಂಡದ ತಟ್ಟೆಯಂಥ ಕಾಯಿ ಬಿರಿದು, ಕಿಟಕಿಯ ಸರಳಿನಲ್ಲಿ ಸಿಕ್ಕಿಕೊಂಡ ಬೀಜವನ್ನು ಎತ್ತಿ ಬೆಳಕಿಗೆ ಹಿಡಿದರೆ, ನಡುವೆ ಕಂದು ಚುಕ್ಕೆ, ಸುತ್ತಲೂ ಈರುಳ್ಳಿಯ ಒಳಪೊರೆಯಂಥ ಪಾರದರ್ಶಕ ಅಂಚು. ಅದನ್ನು ನೋಟುಪುಸ್ತಕದಲ್ಲಿ ಅಂಟಿಸಿದ್ದೇನೆ. ಟಬೂಬಿಯಾ, ನೀರುಕಾಯಿ ಮರಗಳದ್ದೂ ಇವೆ. ಆಕಾಶಮಲ್ಲಿಗೆಯ ಹಾಳೆ ಮಾತ್ರ ಖಾಲಿ. ನವೆಂಬರಿನ ಮುಂಜಾನೆ ರಸ್ತೆ ಬೆಳ್ಳಗಾಗುವಷ್ಟು ಹೂ ಚೆಲ್ಲುವ ಈ ಮರ ನಮ್ಮಲ್ಲಿ ಕಾಯಿ ಕಟ್ಟುವುದು ಬಲು ಅಪರೂಪ, ಬೇರಿನಿಂದೇಳುವ ಕಂದುಗಳಿಂದಲೇ ಹೆಚ್ಚಾಗಿ ಬೆಳೆಯುತ್ತದೆ. ನಿಮ್ಮ ಬೀದಿಯ ಆಕಾಶಮಲ್ಲಿಗೆಯಲ್ಲಿ ಗೇಣುದ್ದದ ಚಪ್ಪಟೆ ಕಾಯಿಯೇನಾದರೂ ಕಂಡರೆ, ಅದು ಒಣಗಿ ಬಿರಿಯುವವರೆಗೆ ಕಾದು, ಒಂದು ಬೀಜವನ್ನು ಎತ್ತಿಟ್ಟುಕೊಳ್ಳಿ.

ನಮಸ್ಕಾರ.