ಮೂರನೇ ದಿನ ಮನೆಗೆ ಬರುವ ರಾಜಿ ಕಾಗದ

ಕೇಳುಗರೆಲ್ಲರಿಗೂ ಶರಣು ಶರಣಾರ್ಥಿ.

ನಾನು ಕಲಬುರಗಿ ಕೋರ್ಟಿನಲ್ಲಿ ರಸ್ತೆ ಅಪಘಾತದ ಪರಿಹಾರ ಕೇಸುಗಳನ್ನು ನಡೆಸುವ ವಕೀಲೆ. ನನ್ನ ಹತ್ತಿರ ಬರುವ ಹೆಣ್ಣುಮಕ್ಕಳು ಬಹಳಷ್ಟು ಸಲ ತಲೆ ತಗ್ಗಿಸಿಕೊಂಡೇ ಮಾತು ಶುರು ಮಾಡುತ್ತಾರೆ. 'ಮನುಷ್ಯನೇ ಹೋದ ಮ್ಯಾಲೆ ರೊಕ್ಕ ತಗೊಂಡು ಏನ್ ಮಾಡೋದ್ರಿ ಮೇಡಂ? ಸತ್ತವರ ರೊಕ್ಕ ತಿಂದಳು ಅಂತಾರ್ರಿ ಮಂದಿ.'

ಮೊದಲು ಆ ಮಾತಿಗೇ ಉತ್ತರ ಹೇಳಿಬಿಡುತ್ತೇನೆ. ಇದು ಸತ್ತವರ ಬೆಲೆ ಅಲ್ಲ. ಆತ ಬದುಕಿದ್ದರೆ ಇನ್ನೂ ಇಪ್ಪತ್ತು, ಮೂವತ್ತು ವರ್ಷ ದುಡಿದು ಮನೆಗೆ ತರುತ್ತಿದ್ದ. ಆ ದುಡಿಮೆಯಲ್ಲಿ ಹೆಂಡತಿ, ಮಕ್ಕಳು, ಅಪ್ಪ, ಅವ್ವ ಇವರ ಪಾಲು ಎಷ್ಟಿತ್ತೋ ಅದನ್ನು ಕೊಡಿಸುವುದೇ ಕಾನೂನಿನ ಕೆಲಸ. ವಿಮೆ ಇಲ್ಲದೆ ಗಾಡಿ ರಸ್ತೆಗೆ ಇಳಿಸಬಾರದು ಅಂತ ನಿಯಮ ಮಾಡಿದ್ದೇ ಇದಕ್ಕಾಗಿ. ಇದು ಯಾರೂ ಮಾಡುವ ಉಪಕಾರ ಅಲ್ಲ. ನಿಮ್ಮ ಹಕ್ಕು.

ಈಗ ಆ ಕಾಗದದ ವಿಷಯ. ಸಾವಾದ ಮೂರನೇ ದಿನವೋ ಐದನೇ ದಿನವೋ ಗಾಡಿ ಮಾಲೀಕನ ಕಡೆಯವರು ಊರಿನ ನಾಲ್ಕು ಹಿರಿಯರನ್ನು ಕರೆದುಕೊಂಡು ಮನೆಗೆ ಬರುತ್ತಾರೆ. ಮನೆಯಲ್ಲಿ ಇನ್ನೂ ಒಲೆ ಸರಿಯಾಗಿ ಹೊತ್ತಿರುವುದಿಲ್ಲ. ಕೈಯಲ್ಲಿ ಒಂದು ಬಾಂಡ್ ಪೇಪರ್ ಇರುತ್ತದೆ. ಅದರಲ್ಲಿ ಬರೆದಿರುವುದು ಮೂರೇ ಮಾತು. ಅಪಘಾತ ಆಕಸ್ಮಿಕವಾಗಿ ಆಗಿದೆ. ಚಾಲಕನದು ತಪ್ಪಿಲ್ಲ. ಇಷ್ಟು ರೂಪಾಯಿ ಮುಟ್ಟಿದೆ, ಇನ್ನು ಮುಂದೆ ನಮ್ಮದೇನೂ ತಕರಾರಿಲ್ಲ. ಕೆಳಗೆ ಹೆಬ್ಬೆಟ್ಟು ಒತ್ತಲು ಜಾಗ. ಕೊಡುವುದು ಐವತ್ತು ಸಾವಿರವೋ, ಒಂದು ಲಕ್ಷವೋ.

ದಯವಿಟ್ಟು ಆ ಕಾಗದಕ್ಕೆ ಸಹಿ ಹಾಕಬೇಡಿ. ನಿರ್ಲಕ್ಷ್ಯದಿಂದ ಸಾವು ಮಾಡಿದ ಅಪರಾಧಕ್ಕೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಪ್ರಕಾರ 5 ವರ್ಷದವರೆಗೆ ಶಿಕ್ಷೆ ಇದೆ. ಅದು ರಾಜಿ ಮಾಡಿಕೊಳ್ಳಬಹುದಾದ ಅಪರಾಧವೇ ಅಲ್ಲ. ಕಟ್ಟೆಯ ಮೇಲೆ ಕೂತು ಅದನ್ನು ಮುಗಿಸುವ ಅಧಿಕಾರ ಯಾರಿಗೂ ಇಲ್ಲ. ಕಾಗದ ಬರೆದುಕೊಟ್ಟ ಮಾತ್ರಕ್ಕೆ ನಿಮ್ಮ ಪರಿಹಾರದ ಹಕ್ಕು ಸತ್ತು ಹೋಗುವುದಿಲ್ಲ, ನಿಜ. ಆದರೆ 'ಚಾಲಕನದು ತಪ್ಪಿಲ್ಲ' ಎಂಬ ಆ ಒಂದು ಸಾಲನ್ನು ನಾಳೆ ವಿಮಾ ಕಂಪನಿಯ ವಕೀಲರು ಕೋರ್ಟಿನಲ್ಲಿ ನಿಮ್ಮ ಮುಂದೆಯೇ ಹಿಡಿಯುತ್ತಾರೆ. ಮಣ್ಣು ಮಾಡುವ ಖರ್ಚಿಗೆ ಅಂತ ಕೊಟ್ಟರೆ ತಗೊಳ್ಳಿ, ತಪ್ಪಿಲ್ಲ. ಸಹಿ ಮಾತ್ರ ಬೇಡ. ಗಾಡಿ ಮಾಲೀಕರೇನಾದರೂ ಈ ಮಾತು ಕೇಳುತ್ತಿದ್ದರೆ ಅವರಿಗೂ ಒಂದು ಮಾತು. ವಿಮೆ ಚಾಲ್ತಿಯಲ್ಲಿದ್ದು, ಲೈಸೆನ್ಸು ಪರ್ಮಿಟ್ಟು ಸರಿಯಿದ್ದರೆ ದುಡ್ಡು ಕಟ್ಟುವುದು ಕಂಪನಿ, ನೀವಲ್ಲ. ಆ ಬಡ ಹೆಂಗಸಿನ ಹೆಬ್ಬೆಟ್ಟು ನಿಮಗೆ ಯಾಕೆ ಬೇಕು ಹೇಳಿ?

ಮೊದಲ ಕೆಲಸ ಠಾಣೆಯದು. ದೂರು ಕೊಡುವವರು ಮನೆಯಲ್ಲಿ ಸ್ವಲ್ಪ ಗಟ್ಟಿ ಇರುವವರಾಗಲಿ. ಕಣ್ಣಾರೆ ನೋಡಿದವರು ಯಾರು, ಗಾಡಿ ಯಾವ ಕಡೆಯಿಂದ ಬಂತು, ನಂಬರ್ ಏನು, ಇದನ್ನು ಅವತ್ತೇ ಬರೆಸಿ. ಬರೆದದ್ದನ್ನು ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಿ. ನಂಬರ್ ಇಪ್ಪತ್ತು ದಿನ ಬಿಟ್ಟು ಬಂದರೆ, ಬೇರೆ ಗಾಡಿ ತಂದು ಸೇರಿಸಿದ್ದಾರೆ ಅಂತ ಕಂಪನಿ ವಾದ ಮಾಡುತ್ತದೆ. ಹಾಗೆ ಸೇರಿಸಿಕೊಡುತ್ತೇವೆ ಅಂತ ಬರುವ ದಲ್ಲಾಳಿಗಳೂ ಇದ್ದಾರೆ. ಅವರನ್ನು ಬಾಗಿಲಿಂದಲೇ ಕಳಿಸಿಬಿಡಿ. ಸುಳ್ಳು ಗಾಡಿ ಹಿಡಿದರೆ ಕೇಸೂ ಹೋಗುತ್ತದೆ, ನಿಮ್ಮ ಮೇಲೆಯೇ ಕೇಸ್ ಆಗುತ್ತದೆ. ಎಫ್‌ಐಆರ್ ಪ್ರತಿ ನಿಮಗೆ ಉಚಿತವಾಗಿ ಸಿಗಬೇಕು. ಕೇಳಿ ತಗೊಳ್ಳಿ.

ನಮ್ಮ ಭಾಗದಲ್ಲಿ ಇನ್ನೊಂದು ತೊಂದರೆ ಇದೆ. ಅಫಜಲಪುರ, ಆಳಂದದ ಕಡೆ ಏಟು ಬಿದ್ದವರನ್ನು ಸೋಲಾಪುರಕ್ಕೆ ಒಯ್ಯುತ್ತಾರೆ. ಬೀದರ್, ಸೇಡಂ ಕಡೆಯವರನ್ನು ಹೈದರಾಬಾದಿಗೆ ಒಯ್ಯುತ್ತಾರೆ. ಖರ್ಚು ಹೆಚ್ಚಾಗಿ, ಡಾಕ್ಟರೂ ಕೈಬಿಟ್ಟ ಮೇಲೆ ಮನೆಗೆ ತರುತ್ತಾರೆ. ಹದಿನೈದು ದಿನಕ್ಕೋ ತಿಂಗಳಿಗೋ ಜೀವ ಹೋಗುತ್ತದೆ. 'ಇನ್ನು ಕೊಯ್ಯಿಸೋದು ಬ್ಯಾಡ' ಅಂತ ಪೋಸ್ಟ್‌ಮಾರ್ಟಂ ಇಲ್ಲದೆ ಮಣ್ಣು ಮಾಡಿಬಿಡುತ್ತಾರೆ. ಅವರ ಸಂಕಟ ನನಗೆ ಅರ್ಥ ಆಗುತ್ತದೆ. ಆದರೆ ಆ ಸಾವು ಅಪಘಾತದ ಗಾಯದಿಂದಲೇ ಆಯಿತು ಅಂತ ಆಮೇಲೆ ತೋರಿಸುವುದು ತುಂಬಾ ಕಷ್ಟ. ಮನೆಯಲ್ಲೇ ತೀರಿಕೊಂಡರೂ ಮೊದಲು ಠಾಣೆಗೆ ತಿಳಿಸಿ. ಪೋಸ್ಟ್‌ಮಾರ್ಟಂ ಆದ ಮೇಲೆಯೇ ಮುಂದಿನ ಕಾರ್ಯ ಮಾಡಿ.

2022ರ ಏಪ್ರಿಲ್ 1ರಿಂದ ಪೊಲೀಸರ ಜವಾಬ್ದಾರಿಯೂ ಹೆಚ್ಚಾಗಿದೆ. ಅಪಘಾತವಾದ 48 ಗಂಟೆಯೊಳಗೆ ಮೊದಲ ವರದಿ, 90 ದಿನದೊಳಗೆ ಪೂರ್ತಿ ವಿವರದ ವರದಿ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು. ಆ ವರದಿಯನ್ನೇ ಅರ್ಜಿ ಅಂತ ತಗೊಳ್ಳಲು ನ್ಯಾಯಮಂಡಳಿಗೆ ಅಧಿಕಾರ ಇದೆ. ಹಾಗಂತ ಅದನ್ನೇ ನಂಬಿ ಕೂರಬೇಡಿ. ಕಾನೂನಿನಲ್ಲಿ ಅರ್ಜಿಗೆ 6 ತಿಂಗಳ ಗಡುವು ಇದೆ. ತಿಥಿ, ಹಬ್ಬ, ಸುಗ್ಗಿ ಅನ್ನುತ್ತಾ 6 ತಿಂಗಳು ಹೋಗುವುದು ಗೊತ್ತೇ ಆಗುವುದಿಲ್ಲ.

ಎಲ್ಲಿ ಅರ್ಜಿ ಹಾಕಬೇಕು? ಇದನ್ನು ನಾನು ಜೋರಾಗಿ ಹೇಳಬೇಕು, ಯಾಕೆಂದರೆ ನಮ್ಮ ಯಾದಗಿರಿ, ಕಲಬುರಗಿ ತಾಂಡಾಗಳಿಂದ, ಹಳ್ಳಿಗಳಿಂದ ಎಷ್ಟು ಜನ ಬೆಂಗಳೂರು, ಮುಂಬೈ, ಪುಣೆಗೆ ಗುಳೆ ಹೋಗುತ್ತಾರೆ ಅಂತ ನಿಮಗೆ ಗೊತ್ತು. ಅಲ್ಲಿ ರಸ್ತೆಯಲ್ಲಿ ಜೀವ ಹೋದರೆ ಅಲ್ಲಿಯ ಕೋರ್ಟಿಗೇ ಅಲೆಯಬೇಕು ಅಂತ ಮನೆಯವರು ಕೈಚೆಲ್ಲುತ್ತಾರೆ. ಬೇಕಿಲ್ಲ. ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಪ್ರಕಾರ ನೀವು ವಾಸ ಇರುವ ಊರಿನ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಪುಣೆಯಲ್ಲಿ ಸತ್ತವನ ಕೇಸು ಕಲಬುರಗಿಯಲ್ಲಿ ನಡೆಯಬಹುದು. ಅಲ್ಲಿಂದ ತರಬೇಕಾದದ್ದು ಪೊಲೀಸ್ ಕಾಗದಗಳು ಮಾತ್ರ: ಎಫ್‌ಐಆರ್, ಸ್ಥಳ ಪಂಚನಾಮೆ, ನಕ್ಷೆ, ಶವ ಪಂಚನಾಮೆ, ಪೋಸ್ಟ್‌ಮಾರ್ಟಂ ವರದಿ, ಚಾರ್ಜ್‌ಶೀಟ್.

ಎಷ್ಟು ಸಿಗುತ್ತದೆ ಅನ್ನುವುದಕ್ಕೆ ಸುಪ್ರೀಂ ಕೋರ್ಟ್ 2009ರಲ್ಲಿ ಸರಳಾ ವರ್ಮಾ ಕೇಸಿನಲ್ಲಿ, 2017ರಲ್ಲಿ ಪ್ರಣಯ್ ಸೇಠಿ ಕೇಸಿನಲ್ಲಿ ಲೆಕ್ಕ ಹಾಕಿಕೊಟ್ಟಿದೆ. ಒಬ್ಬ ಗೌಂಡಿ ಅಂತ ಇಟ್ಟುಕೊಳ್ಳಿ. ವಯಸ್ಸು 34. ತಿಂಗಳಿಗೆ 15,000 ದುಡಿಮೆ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ಅವ್ವ. ವರ್ಷಕ್ಕೆ 1,80,000 ಆಯಿತು. ವಯಸ್ಸು 40ಕ್ಕಿಂತ ಕಡಿಮೆ, ಸ್ವಂತ ದುಡಿಮೆ, ಹಾಗಾಗಿ ಮುಂದೆ ಹೆಚ್ಚುತ್ತಿದ್ದ ಗಳಿಕೆ ಅಂತ ನೂರಕ್ಕೆ 40 ಸೇರಿಸುತ್ತಾರೆ. 2,52,000 ಆಯಿತು. ನಾಲ್ಕು ಜನ ಆತನನ್ನೇ ನಂಬಿದ್ದರಿಂದ ಆತನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆಯುತ್ತಾರೆ. ಉಳಿದದ್ದು 1,89,000. ಆ ವಯಸ್ಸಿಗೆ ಗುಣಕ 16. ಗುಣಿಸಿದರೆ 30,24,000 ರೂಪಾಯಿ. ಇದರ ಮೇಲೆ ಹೆಂಡತಿಗೆ, ಪ್ರತಿ ಮಗುವಿಗೆ, ತಾಯಿಗೆ ಸಂಗಾತ ಕಳೆದುಕೊಂಡದ್ದಕ್ಕೆ ಬೇರೆ, ಅಂತ್ಯಕ್ರಿಯೆಗೆ ಬೇರೆ, ಅರ್ಜಿ ಹಾಕಿದ ದಿನದಿಂದ ಬಡ್ಡಿ ಬೇರೆ. ಆ ಬಾಂಡ್ ಪೇಪರಿನ ಒಂದು ಲಕ್ಷವನ್ನು ಇದರ ಪಕ್ಕ ಇಟ್ಟು ನೋಡಿ.

ಈ ಲೆಕ್ಕ ಪೂರಾ ನಿಂತಿರುವುದು ದುಡಿಮೆಯ ಪುರಾವೆ ಮೇಲೆ. ಪುರಾವೆ ಇಲ್ಲದಿದ್ದರೆ ಆಯಾ ವರ್ಷಕ್ಕೆ ಇಷ್ಟು ಅಂತ ಒಂದು ಅಂದಾಜು ಪಟ್ಟಿ ನಮ್ಮ ರಾಜ್ಯದಲ್ಲಿ ಬಳಕೆಯಲ್ಲಿದೆ. ಅದಕ್ಕಿಂತ ಜಾಸ್ತಿ ದುಡಿಯುತ್ತಿದ್ದರೆ ತೋರಿಸಬೇಕು. ಮೇಸ್ತ್ರಿಯ ಹಾಜರಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ಫೋನ್‌ಪೇಯಲ್ಲಿ ಬಂದ ಕೂಲಿ, ಕಾರ್ಮಿಕ ಕಾರ್ಡ್, ತೊಗರಿ ಮಾರಿದ ರಸೀದಿ, ಪಹಣಿ, ಎಲ್ಲಾ ಬೇಕು. ಆತನ ಮೊಬೈಲನ್ನು ಅಳಿಸಿ ಮಕ್ಕಳ ಕೈಗೆ ಕೊಡಬೇಡಿ. ಸಿಮ್ಮೂ ಬಂದ್ ಮಾಡಿಸಬೇಡಿ. ಪಾಸ್‌ಬುಕ್ಕಿನಲ್ಲಿ ಮೇ ಕೊನೆಗೋ ಜೂನ್‌ನಲ್ಲೋ 20 ರೂಪಾಯಿ ಕಡಿತ ಆಗಿದೆಯಾ ನೋಡಿ. ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಕಂತು. ಅಪಘಾತದಲ್ಲಿ ಸತ್ತರೆ 2 ಲಕ್ಷ ಬರುತ್ತದೆ. ಬ್ಯಾಂಕಿಗೆ ಹೋಗಿ ಕೇಳಬೇಕಷ್ಟೇ, ಅದೂ ಬೇಗ.

ಸತ್ತವಳು ಮನೆಯಾಕೆ ಆಗಿದ್ದರೆ? 'ಆಕಿ ಏನ್ ದುಡೀತಿದ್ಲು' ಅಂತ ಗಂಡಸರೇ ಹೇಳುವುದನ್ನು ಕೇಳಿ ನನಗೆ ಬಹಳ ಬೇಸರ ಆಗುತ್ತದೆ. ನಸುಕಿಗೆ ಎದ್ದು ರೊಟ್ಟಿ ಬಡಿದು, ನೀರು ತಂದು, ಮಕ್ಕಳನ್ನು ಶಾಲೆಗೆ ಕಳಿಸಿ, ಹೊಲಕ್ಕೂ ಹೋಗುವವಳು ದುಡಿಯದವಳಾ? ಮನೆಕೆಲಸಕ್ಕೂ ಆದಾಯದ ಲೆಕ್ಕ ಹಿಡಿದು ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. 2021ರ ತೀರ್ಪೊಂದರಲ್ಲಿ ಇನ್ನೂ ಸ್ಪಷ್ಟವಾಗಿ ಹೇಳಿದೆ.

ತಪ್ಪು ಯಾರದು ಅಂತ ಸಾಬೀತು ಮಾಡುವುದು ಕಷ್ಟ ಇದ್ದರೆ ಅದೇ ಮೋಟಾರು ವಾಹನ ಕಾಯ್ದೆಯ 164ನೇ ಕಲಂ ಇದೆ. ಅದರಲ್ಲಿ ತಪ್ಪು ತೋರಿಸಬೇಕಾಗಿಲ್ಲ. ಸಾವಿಗೆ 5 ಲಕ್ಷ. ಆದರೆ ಒಂದು ಎಚ್ಚರಿಕೆ. ಕಂಪನಿಯವರು 5 ಲಕ್ಷ ಈಗಲೇ ಕೊಡುತ್ತೇವೆ ಅಂದಾಗ ಒಪ್ಪಿ ತಗೊಂಡರೆ, ನ್ಯಾಯಮಂಡಳಿಯಲ್ಲಿ ಹಾಕಿದ ದೊಡ್ಡ ಅರ್ಜಿ ಬಿದ್ದುಹೋಗುತ್ತದೆ. ಮೊದಲು ನಿಮ್ಮ ಲೆಕ್ಕ ಮಾಡಿಸಿ, ಆಮೇಲೆ ನಿರ್ಧಾರ ಮಾಡಿ.

ಗುದ್ದಿ ಓಡಿಹೋದ ಗಾಡಿ ಸಿಗಲೇ ಇಲ್ಲ ಅಂದರೆ? ಹುಮನಾಬಾದ್ ಹತ್ತಿರದ ಪುಣೆ–ಹೈದರಾಬಾದ್ ಹೆದ್ದಾರಿಯಂಥ ಕಡೆ ರಾತ್ರಿ ಹೊತ್ತು ಹೀಗಾದರೆ ಗಾಡಿ ಹುಡುಕುವುದು ಕಷ್ಟ. ಅಂಥ ಸಾವಿಗೆ ಸರ್ಕಾರದ ಯೋಜನೆಯಿಂದ 2 ಲಕ್ಷ ಬರುತ್ತದೆ. 2022ರ ತನಕ ಅದು ಬರೀ 25,000 ಇತ್ತು. ಇದಕ್ಕೆ ಕೋರ್ಟಿಗೆ ಹೋಗುವುದು ಬೇಡ. ಅರ್ಜಿಯ ವಿಚಾರಣೆ ಕಂದಾಯ ಅಧಿಕಾರಿಗಳ ಮಟ್ಟದಲ್ಲೇ ಆಗುತ್ತದೆ, ಮಂಜೂರು ಮಾಡುವವರು ಜಿಲ್ಲಾಧಿಕಾರಿ. ಎಸಿ (ಉಪವಿಭಾಗಾಧಿಕಾರಿ) ಕಚೇರಿಯಲ್ಲೋ ತಹಸೀಲ್ದಾರ್ ಕಚೇರಿಯಲ್ಲೋ 'ಹಿಟ್ ಅಂಡ್ ರನ್ ಪರಿಹಾರ' ಅಂತಲೇ ಕೇಳಿ.

ಇನ್ನು ನನಗೆ ಬಹಳ ಸಂಕಟ ಕೊಡುವ ಕೇಸುಗಳು. ಹತ್ತಿ ಬಿಡಿಸಲು, ತೊಗರಿ ಕೊಯ್ಯಲು ಗೂಡ್ಸ್ ಗಾಡಿಯ ಹಿಂದೆ, ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಕೂಲಿಗೆ ಹೋಗುವ ಹೆಣ್ಣುಮಕ್ಕಳ ಕೇಸುಗಳು. ಸರಕಿನ ಗಾಡಿಯಲ್ಲಿ ಸುಮ್ನೆ ಪ್ರಯಾಣಿಕರಾಗಿ ಕೂತವರಿಗೆ ಆ ಗಾಡಿಯ ವಿಮೆ ಅನ್ವಯಿಸುವುದಿಲ್ಲ. ಗಾಡಿ ಪಲ್ಟಿಯಾಗಿ ಜೀವ ಹೋದರೆ ಮಾಲೀಕನಿಂದಲೇ ವಸೂಲಿ ಮಾಡಬೇಕು. ಆತನ ಹತ್ತಿರ ಆಸ್ತಿ ಇಲ್ಲದಿದ್ದರೆ ತೀರ್ಪು ಕಾಗದದಲ್ಲೇ ಉಳಿಯುತ್ತದೆ. ಎದುರಿನಿಂದ ಬೇರೆ ಗಾಡಿ ಬಂದು ಗುದ್ದಿ ತಪ್ಪು ಅದರದೇ ಆಗಿದ್ದರೆ ಆ ಗಾಡಿಯ ವಿಮೆಯಿಂದ ಕೇಳಬಹುದು. ಕೂಲಿಯಾಳುಗಳನ್ನು ಕರೆದೊಯ್ಯುವ ಜಮೀನ್ದಾರರೇ, ಗುತ್ತಿಗೆದಾರರೇ, ಪ್ರಯಾಣಿಕರ ಗಾಡಿಯನ್ನೇ ಮಾಡಿ. ಬಾಡಿಗೆ ಸ್ವಲ್ಪ ಜಾಸ್ತಿ ಆಗಬಹುದು. ಆದರೂ ಮಾಡಿ.

ಬೈಕ್ ಓಡಿಸುವವರು ತಾವೇ ಸ್ಕಿಡ್ ಆಗಿ ಬಿದ್ದು ಸತ್ತರೆ ಬೇರೆಯವರಿಂದ ಪರಿಹಾರ ಬರುವುದಿಲ್ಲ. ಆದರೆ ಬೈಕ್ ಅವರ ಹೆಸರಲ್ಲೇ ಇದ್ದು, ಲೈಸೆನ್ಸ್ ಇದ್ದು, ವಿಮೆಯ ಜೊತೆ ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆಯನ್ನೂ ಕಟ್ಟಿದ್ದರೆ 15 ಲಕ್ಷ ಬರುತ್ತದೆ. ಪಾಲಿಸಿ ಕಾಗದ ತೆಗೆದು ನೋಡಿ. ಲಾರಿಯ ಡ್ರೈವರ್, ಕ್ಲೀನರ್ ಕೆಲಸದ ಮೇಲೆ ಇದ್ದಾಗಲೇ ಸತ್ತರೆ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ನೌಕರರಿಗೆ ಇರುವ ಪರಿಹಾರದ ದಾರಿಯೂ ಇದೆ. ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು.

ವಕೀಲರ ಫೀ ಬಗ್ಗೆ ವಕೀಲೆಯಾಗಿ ನಾನೇ ಹೇಳುತ್ತೇನೆ. 'ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ನನಗೆ' ಅನ್ನುವುದನ್ನು ಬಾರ್ ಕೌನ್ಸಿಲ್ ನಿಯಮ ಒಪ್ಪುವುದಿಲ್ಲ. ಖಾಲಿ ಚೆಕ್ಕಿಗೆ, ಖಾಲಿ ಕಾಗದಕ್ಕೆ ಯಾರು ಕೇಳಿದರೂ ಸಹಿ ಹಾಕಬೇಡಿ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ಅದರ ಕಚೇರಿ ಇದೆ. ಫೋನ್ ಮಾಡುವುದಾದರೆ 15100.

ಲೋಕ ಅದಾಲತ್‌ನಲ್ಲಿ ಬೇಗ ಮುಗಿಯುತ್ತದೆ, ಒಳ್ಳೆಯದೇ. ಆದರೆ ಅಲ್ಲಿ ಒಪ್ಪಿದ ಮೇಲೆ ಅಪೀಲು ಇಲ್ಲ. ನಿಮ್ಮ ಲೆಕ್ಕ ನಿಮಗೆ ಗೊತ್ತಿದ್ದರೆ ಮಾತ್ರ ಅಲ್ಲಿ ಕೂತು ಮಾತಾಡಿ. ನ್ಯಾಯಮಂಡಳಿಯ ತೀರ್ಪು ಕಡಿಮೆ ಅನಿಸಿದರೆ 90 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು. ಅದಕ್ಕೆ ಬೆಂಗಳೂರಿನ ಬಸ್ ಹತ್ತಬೇಕಾಗಿಲ್ಲ, ಹೈಕೋರ್ಟ್ ಪೀಠ ಇಲ್ಲೇ ಕಲಬುರಗಿಯಲ್ಲಿದೆ. ಮಕ್ಕಳ ಪಾಲನ್ನು ಸಾಮಾನ್ಯವಾಗಿ ಅವರು ದೊಡ್ಡವರಾಗುವ ತನಕ ಬ್ಯಾಂಕಿನಲ್ಲಿ ಠೇವಣಿ ಇಡಲು ನ್ಯಾಯಾಧೀಶರು ಆದೇಶ ಮಾಡುತ್ತಾರೆ. ನಡುವೆ ಕಾಲೇಜಿನ ಫೀಗೋ ಆಸ್ಪತ್ರೆಗೋ ಬೇಕಾದರೆ ಅದೇ ಕೋರ್ಟಿಗೆ ಒಂದು ಅರ್ಜಿ ಕೊಟ್ಟು ಬಿಡಿಸಿಕೊಳ್ಳಬಹುದು. ಆ ಠೇವಣಿಯ ಬಾಂಡಿನ ಒಂದು ಜೆರಾಕ್ಸ್ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.

ನಮಸ್ಕಾರ.