ಈ ಹಾಡಿನೊಳಗೆ ಒಬ್ಬರು ಸದ್ದಿಲ್ಲದೆ ಇಳಿಯುತ್ತಿದ್ದಾರೆ | ಎರಡು ಧೈವತದ ಕಥೆ

[ಗಿಟಾರ್: ಮೊದಲ ನಾಲ್ಕು ಕಾರ್ಡ್, ಒಂದೊಂದೇ ತಂತಿ ಬಿಡಿಸಿ]

ನಮಸ್ಕಾರ. ಗಿಟಾರ್ ಕಲಿತವರಲ್ಲಿ ತುಂಬಾ ಜನ ಈ ಸುತ್ತನ್ನು ಒಮ್ಮೆಯಾದರೂ ನುಡಿಸಿರುತ್ತಾರೆ. 'ಹೌಸ್ ಆಫ್ ದಿ ರೈಸಿಂಗ್ ಸನ್'. ದಿ ಅನಿಮಲ್ಸ್ ಬ್ಯಾಂಡ್, 1964. ಗಮನಿಸಿದ್ದೀರಾ, ಗಾಯಕ ಇನ್ನೂ ಬಾಯೇ ತೆರೆದಿರುವುದಿಲ್ಲ, ಅಷ್ಟರಲ್ಲೇ ಮನಸ್ಸು ಭಾರವಾಗಿಬಿಡುತ್ತದೆ. ಪದ ಇಲ್ಲ, ಕಥೆ ಇಲ್ಲ, ಬರೀ ನಾಲ್ಕು ಕಾರ್ಡ್, ಅಂದರೆ ಜೊತೆಯಾಗಿ ಮೂಡುವ ಸ್ವರಗಳ ನಾಲ್ಕು ಗುಂಪು. ಹಾಗಾದರೆ ಈ ದುಃಖ ಎಲ್ಲಿಂದ ಬಂತು?

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. ಅನಿಮಲ್ಸ್ ಅಂದರೆ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಹುಟ್ಟಿದ ಐದು ಜನರ ತಂಡ. ಹಾಡು ಅವರದ್ದಲ್ಲ, ಅಮೆರಿಕದ ಜಾನಪದ. ನ್ಯೂ ಆರ್ಲಿಯನ್ಸ್‌ನ ಒಂದು ಮನೆ, ಅಲ್ಲಿ ಹಾಳಾದ ಒಂದು ಬದುಕು. ಅದು ಜೈಲೋ, ಜೂಜಿನ ಅಡ್ಡೆಯೋ, ವೇಶ್ಯೆಯರ ಮನೆಯೋ ಅನ್ನುವ ವಾದ ಇನ್ನೂ ಮುಗಿದಿಲ್ಲ. ಇವತ್ತು ಅದರ ತಂಟೆಗೆ ಹೋಗುವುದು ಬೇಡ.

1937ರಲ್ಲಿ ಜಾನಪದ ಸಂಗ್ರಾಹಕ ಅಲನ್ ಲೊಮ್ಯಾಕ್ಸ್ ಕೆಂಟಕಿಯ ಮಿಡಲ್ಸ್‌ಬರೋ ಊರಿನಲ್ಲಿ ಈ ಹಾಡನ್ನು ರೆಕಾರ್ಡ್ ಮಾಡಿಕೊಂಡರು. ಹಾಡಿದವಳು ಜಾರ್ಜಿಯಾ ಟರ್ನರ್, 16 ವರ್ಷದ ಹುಡುಗಿ. ತಂಗಿಗೆ 'ನನ್ನ ಹಾಗೆ ಆಗಬೇಡ' ಅಂತ ಹೇಳಿ ಅನ್ನುವ ಮಾತು ಅವಳ ಬಾಯಲ್ಲಿ ಕೇಳಿದರೆ ಕರುಳು ಚುರ್ ಅನ್ನುತ್ತದೆ. ಆದರೆ ನಮಗೆ ಗೊತ್ತಿರುವ ಕಾರ್ಡ್ ಅಲ್ಲಿಲ್ಲ. ಅದನ್ನು ತಂದವರು ನ್ಯೂಯಾರ್ಕ್‌ನ ಗ್ರೀನಿಚ್ ವಿಲೇಜ್‌ನ ಗಾಯಕ ಡೇವ್ ವ್ಯಾನ್ ರಾಂಕ್. ಕಾರ್ಡ್ ಬದಲಿಸಿದರು, ಕೆಳಗಿನ ಬೇಸ್ ಸ್ವರವನ್ನು ಅರ್ಧರ್ಧ ಹೆಜ್ಜೆ ಇಳಿಸಿದರು.

ಈಗ ನನಗೆ ತುಂಬಾ ಇಷ್ಟವಾದ ಜಾಗಕ್ಕೆ ಬಂದೆವು. ಸ್ವಲ್ಪ ನಿಧಾನವಾಗಿ ಹೋಗೋಣ.

[ಪರದೆ ಮೇಲೆ: ಎ ಮೈನರ್ – ಸಿ – ಡಿ – ಎಫ್]

ಎ ಅನ್ನು ಷಡ್ಜ, ಅಂದರೆ ಸ, ಅಂತ ಇಟ್ಟುಕೊಳ್ಳಿ. ನಾಲ್ಕು ಕಾರ್ಡ್‌ಗಳ ತಳದ ಸ್ವರ ಸ, ಗ, ಮ, ದ. ಹತ್ತುತ್ತಾ ಹೋಗುತ್ತಿವೆ, ಅಲ್ವಾ? ವ್ಯಾನ್ ರಾಂಕ್ ಬೇಸ್‌ನಲ್ಲಿ ಇಳಿಸಿದ್ದ ಸ್ವರ ಇಲ್ಲಿ ಒಳಗೆ ಅಡಗಿದೆ. ಈಗ ಕಾರ್ಡ್‌ಗಳ ಒಳಗೆ ಇಣುಕಿ. ಮೊದಲನೆಯದರಲ್ಲಿ ಮೇಲಿನ ಸ ಇದೆ. ಎರಡನೆಯದರಲ್ಲಿ ನಿ. ಮೂರನೆಯದರಲ್ಲಿ ಚತುಶ್ರುತಿ ಧೈವತ, ಅಂದರೆ ಎತ್ತರದ ದ. ನಾಲ್ಕನೆಯದರಲ್ಲಿ ಶುದ್ಧ ಧೈವತ, ಅದಕ್ಕಿಂತ ಅರ್ಧ ಹೆಜ್ಜೆ ಕೆಳಗಿನ ದ. ಮತ್ತೆ ಎ ಮೈನರ್ ಬಂದಾಗ ಪ.

[ಗಿಟಾರ್ ಮೇಲೆ ಹಾಡಿ: ಸ… ನಿ… ದ… ದ… ಪ…]

ಎಲ್ಲರೂ ಮೆಟ್ಟಿಲು ಹತ್ತುತ್ತಿರುವಾಗ ಒಬ್ಬರು ಮಾತ್ರ ಅದೇ ಮೆಟ್ಟಿಲಲ್ಲಿ ಇಳಿದು ಹೋಗುತ್ತಿದ್ದಾರೆ. ನಮ್ಮ ಕಿವಿ ಹತ್ತುವವರನ್ನು ಗಮನಿಸುತ್ತದೆ, ಮನಸ್ಸು ಇಳಿಯುವವರ ಹಿಂದೆ ಹೋಗುತ್ತದೆ. ಆ ಎರಡು ಧೈವತಗಳ ನಡುವಿನ ಜಾರು ಇದೆಯಲ್ಲ, ನನ್ನ ಮಟ್ಟಿಗೆ ಇಡೀ ಹಾಡಿನ ಪ್ರಾಣ ಅಲ್ಲೇ ಇದೆ. ಡಿ ಬಂದಾಗ ಒಂದು ಕ್ಷಣ ಬೆಳಕು ಬಿದ್ದಂತಾಗುತ್ತದೆ. ಎಫ್ ಬಂದ ಕೂಡಲೇ ಅದು ಹೋಯಿತು. ನಂಬಿಕೆ ಇಲ್ಲದಿದ್ದರೆ ಡಿ ಬದಲು ಡಿ ಮೈನರ್ ನುಡಿಸಿ ನೋಡಿ, ಅದರಲ್ಲಿ ಚತುಶ್ರುತಿಯ ಬದಲು ಶುದ್ಧ ಧೈವತವೇ ಇರುತ್ತದೆ.

[ಡಿ ಮೈನರ್ ಹಾಕಿ ಒಂದು ಸುತ್ತು]

ಚೆನ್ನಾಗಿಯೇ ಇದೆ. ಆದರೆ ಸುಮ್ನೆ ಒಂದು ಬೇಸರದ ಹಾಡು ಅಷ್ಟೇ. ಆಸೆ ಹುಟ್ಟಿ ಸಾಯುವುದು ಇಲ್ಲಿ ಸಿಗುವುದಿಲ್ಲ.

ಕರ್ನಾಟಕ ಸಂಗೀತ ಕೇಳುವವರಿಗೆ ಭೈರವಿ ರಾಗ ನೆನಪಾಗಿರಬಹುದು. ಅಲ್ಲೂ ಎರಡು ಧೈವತ: ಆರೋಹಣದಲ್ಲಿ ಚತುಶ್ರುತಿ, ಅವರೋಹಣದಲ್ಲಿ ಶುದ್ಧ. ಈ ಹಾಡು ಭೈರವಿ ಅಂತ ನಾನು ಹೇಳುತ್ತಿಲ್ಲ. ಭೈರವಿಯಲ್ಲಿ ಒಂದು ಹತ್ತುವ ದಾರಿಯಲ್ಲಿ, ಇನ್ನೊಂದು ಇಳಿಯುವ ದಾರಿಯಲ್ಲಿ ಸಿಗುತ್ತದೆ. ಇಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಒಂದರಿಂದ ಇನ್ನೊಂದಕ್ಕೆ ಇಳಿಸಿದ್ದಾರೆ.

ಸಮಯ ಜಾಸ್ತಿ ಆಯಿತು, ಉಳಿದದ್ದು ಚುಟುಕಾಗಿ. ವ್ಯಾನ್ ರಾಂಕ್ ಕಾರ್ಡ್‌ಗಳನ್ನು ಅಮೆರಿಕದ ಗಾಯಕ ಬಾಬ್ ಡಿಲನ್ 1962ರ ತಮ್ಮ ಮೊದಲ ಆಲ್ಬಂಗೆ ತೆಗೆದುಕೊಂಡರು. ಜನ ವ್ಯಾನ್ ರಾಂಕ್‌ಗೇ 'ಡಿಲನ್ ಹಾಡು ಕದ್ದೆಯಾ' ಅನ್ನತೊಡಗಿದಾಗ ಅವರು ಅದನ್ನು ಹಾಡುವುದನ್ನೇ ಬಿಟ್ಟರು. ಆಮೇಲೆ ಅನಿಮಲ್ಸ್ ಬಂದರು, ಡಿಲನ್‌ಗೂ ಅದೇ ಗತಿಯಾಯಿತು. ಅನಿಮಲ್ಸ್ ಗಿಟಾರಿಸ್ಟ್ ಹಿಲ್ಟನ್ ವ್ಯಾಲೆಂಟೈನ್ ಕಾರ್ಡ್‌ಗಳನ್ನು ಒಂದೊಂದೇ ತಂತಿಯಾಗಿ ಬಿಡಿಸಿದರು. ಅದರಿಂದಲೇ ಒಳಗಿನ ಇಳಿಕೆ ನಮಗೆ ಇಷ್ಟು ಸ್ಪಷ್ಟವಾಗಿ ಕೇಳಿಸುವುದು. ಅಲನ್ ಪ್ರೈಸ್ ಅವರ ಆರ್ಗನ್, ಎರಿಕ್ ಬರ್ಡನ್ ಅವರ ಆ ದನಿ ಸೇರಿ, 1964ರ ಮೇ 18ರಂದು ಲಂಡನ್ನಿನಲ್ಲಿ ಒಂದೇ ಟೇಕ್‌ನಲ್ಲಿ ಮುಗಿಯಿತು. ನಾಲ್ಕೂವರೆ ನಿಮಿಷ. ಅಮೆರಿಕದ ಸಿಂಗಲ್‌ಗೆ ಮೂರು ನಿಮಿಷದೊಳಗೆ ಕತ್ತರಿಸಿದರು. ಬ್ರಿಟನ್, ಅಮೆರಿಕ ಎರಡರಲ್ಲೂ ನಂಬರ್ ಒನ್ ಆಯಿತು.

ರೆಕಾರ್ಡಿನ ಮೇಲೆ ಮಾತ್ರ 'ಜಾನಪದ, ಅಳವಡಿಕೆ: ಅಲನ್ ಪ್ರೈಸ್' ಅಂತ ಒಂದೇ ಹೆಸರು. ಆರ್ಗನ್ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೂ ಇದು ಅನ್ಯಾಯ ಅಂತಲೇ ನಾನು ಹೇಳುತ್ತೇನೆ. ತಂತಿ ಬಿಡಿಸಿದ ವ್ಯಾಲೆಂಟೈನ್ ಹೆಸರು ಅಲ್ಲಿರಬೇಕಿತ್ತು. ಆ ಸ್ವರಗಳನ್ನು ಇಳಿಸಿದ ವ್ಯಾನ್ ರಾಂಕ್ ಹೆಸರು ಇನ್ನೂ ಮೊದಲು ಬರಬೇಕಿತ್ತು.

ಕಾರ್ಡ್ ಹತ್ತುವಾಗ ಒಳಗೆ ಸ್ವರ ಇಳಿಯುವ ಕನ್ನಡ ಹಾಡು ನಿಮಗೆ ಗೊತ್ತಿದ್ದರೆ ಕಾಮೆಂಟ್‌ನಲ್ಲಿ ಬರೆಯಿರಿ. ಎಷ್ಟನೇ ಸೆಕೆಂಡ್ ಅಂತಲೂ ಹಾಕಿ, ಗಿಟಾರ್ ಹಿಡಿದು ಕೂತು ಕೇಳುತ್ತೇನೆ.