ಆಟಿಯ ತೇವಕ್ಕೂ ಜಾಗ ಬಿಡಿ

ಕೇಳುಗರಿಗೆ ನಮಸ್ಕಾರ.

ಮನೆಯ ನೆಲಕ್ಕೆ ಮರದ ಹಲಗೆ ಹಾಸಬೇಕು, ಅದನ್ನೂ ಸ್ವಂತ ಕೈಯಿಂದಲೇ ಮಾಡಬೇಕು ಎಂಬ ಆಸೆ ನಿಮಗಿದ್ದರೆ ಹಿಂಜರಿಯಬೇಡಿ. ಗರಗಸ, ಸುತ್ತಿಗೆ, ರಸಮಟ್ಟ ಹಿಡಿದು ರೂಢಿಯಿದ್ದವರಿಗೆ ಇದು ಆಗದ ಕೆಲಸವೇನಲ್ಲ. ಆದರೆ ವಿಡಿಯೊಗಳಲ್ಲಿ ಕಾಣುವ ವಿಧಾನ ಬಹುಪಾಲು ಒಣಹವೆಯ ದೇಶಗಳದ್ದು. ಮಂಗಳೂರು, ಉಡುಪಿಯಲ್ಲಿ ಮಳೆಗಾಲ ಬಂತೆಂದರೆ, ಅದರಲ್ಲೂ ಮಳೆ ಬಿಡದ ಆಟಿ ತಿಂಗಳಲ್ಲಿ, ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಆ ತೇವವನ್ನು ಲೆಕ್ಕಕ್ಕೆ ಹಿಡಿಯದೆ ಒಂದು ಆಣಿಯನ್ನೂ ಹೊಡೆಯಬಾರದು.

ನಮ್ಮ ಎಷ್ಟೋ ಹಳೆಯ ಮನೆಗಳಲ್ಲಿ ಉಪ್ಪರಿಗೆಯ ನೆಲ ಹಲಗೆಯದ್ದೇ. ತಲೆಮಾರುಗಟ್ಟಲೆ ಅದು ಬಾಳಿದ್ದು ಮರ ಗಟ್ಟಿ ಎಂಬ ಒಂದೇ ಕಾರಣಕ್ಕಲ್ಲ. ಹಲಗೆಯ ಮೇಲೂ ಕೆಳಗೂ ಗಾಳಿ ಆಡುತ್ತಿತ್ತು. ಈಗಿನ ಕಾಂಕ್ರೀಟ್ ನೆಲದ ಮೇಲೆ ಹಾಸಿದ ಹಲಗೆಗೆ ಕೆಳಗಡೆ ಉಸಿರೇ ಇಲ್ಲ. ಆದ್ದರಿಂದ ಮಹಡಿಯ ಕೋಣೆಯನ್ನೇ ಆರಿಸಿಕೊಳ್ಳಿ. ನೆಲಮಹಡಿಯಲ್ಲಿ ಮಣ್ಣಿನ ತೇವವೂ ಗೆದ್ದಲೂ ಮೇಲೇರುತ್ತವೆ. ಅಡುಗೆಮನೆ, ಬಚ್ಚಲ ಪಕ್ಕ ಬೇಡವೇ ಬೇಡ.

ಗಾಳಿಯ ತೇವ ಶೇಕಡಾ 65 ಇದ್ದಾಗ ಮರದೊಳಗಿನ ತೇವಾಂಶ ಸುಮಾರು 12ರಲ್ಲಿ ನಿಲ್ಲುತ್ತದೆ. ಗಾಳಿಯ ತೇವ 80ಕ್ಕೆ ಏರಿದರೆ ಮರದ್ದು 16ರ ಹತ್ತಿರ ಬರುತ್ತದೆ. ಈ ನಾಲ್ಕು ಅಂಶದ ಏರಿಕೆಗೆ 100 ಮಿಲಿಮೀಟರ್ ಅಗಲದ ಸಾಗುವಾನಿ ಹಲಗೆ ಮುಕ್ಕಾಲು ಮಿಲಿಮೀಟರಿನಷ್ಟು ಅಗಲವಾಗಬಲ್ಲದು. ಮೂರು ಮೀಟರ್ ಅಗಲದ ಕೋಣೆಯಲ್ಲಿ ಅಂಥ ಮೂವತ್ತು ಸಾಲು. ತಡೆಯಿಲ್ಲದೆ ಹಿಗ್ಗಿದರೆ ಒಟ್ಟು 20 ಮಿಲಿಮೀಟರಿಗೂ ಹೆಚ್ಚು! ಆಣಿಗಳು ಸ್ವಲ್ಪ ತಡೆಯುತ್ತವೆ ನಿಜ, ಪೂರ್ತಿ ಅಲ್ಲ. ಗೋಡೆಗೆ ಒತ್ತಿ ಕೂರಿಸಿದ ನೆಲ ಆಟಿಯ ಹೊತ್ತಿಗೆ ನಡುವೆ ಉಬ್ಬಿ ಏಳುವುದು ಇದರಿಂದಲೇ. ಉದ್ದಕ್ಕೆ ಮರ ಹಿಗ್ಗುವುದು ತೀರಾ ಕಡಿಮೆ.

ಅಂದ ಮೇಲೆ ಗೋಡೆಯ ಸುತ್ತ 12ರಿಂದ 15 ಮಿಲಿಮೀಟರ್ ಜಾಗ ಬಿಡಿ. ಕೆಲಸ ಮುಗಿಯುವವರೆಗೆ ಅಲ್ಲಿ ಸಣ್ಣ ಬೆಣೆ ಇಟ್ಟಿರಿ, ಆಮೇಲೆ ಮರೆಯದೆ ತೆಗೆಯಿರಿ. ಸಂದು ಕಾಣದಂತೆ ಗೋಡೆಯ ಬುಡದ ಸ್ಕರ್ಟಿಂಗ್ ಪಟ್ಟಿ ಮುಚ್ಚುತ್ತದೆ. ಆ ಪಟ್ಟಿಯನ್ನು ಗೋಡೆಗೆ ಹೊಡೆಯಬೇಕು, ನೆಲಕ್ಕಲ್ಲ. ಕಾಲ ಯಾವುದು ಎಂದರೆ, ದೀಪಾವಳಿ ಕಳೆದ ಮೇಲಿನ ಒಂದೆರಡು ತಿಂಗಳು ಎನ್ನುತ್ತೇನೆ. ಆಗ ಮರ ತೀರಾ ಉಬ್ಬಿಯೂ ಇರುವುದಿಲ್ಲ, ತೀರಾ ಒಣಗಿಯೂ ಇರುವುದಿಲ್ಲ.

ಹಲಗೆ ತಂದ ದಿನವೇ ಹಾಸಲು ಹೋಗಬೇಡಿ. ಕಟ್ಟು ಬಿಚ್ಚಿ, ಪದರದ ನಡುವೆ ರೀಪು ಕೊಟ್ಟು, ಅದೇ ಕೋಣೆಯಲ್ಲಿ ಎರಡು ವಾರ ಇರಿಸಿ. ಬಿಳಿ ಭಾಗ ಹೆಚ್ಚಿರುವ ಹಲಗೆಯನ್ನು ವಾಪಸು ಕೊಡಿ, ಗೆದ್ದಲಿಗೆ ಮೊದಲ ತುತ್ತು ಅದೇ. ಹಳೆ ಮನೆ ಕಿತ್ತಾಗ ಸಿಕ್ಕ ಮರವಾದರೆ ಒಳಗೆ ಮುರಿದುಳಿದ ಆಣಿಗಳನ್ನು ಹುಡುಕಿ ತೆಗೆದ ಮೇಲೆಯೇ ಕೀಸುಳಿ ಮುಟ್ಟಿಸಿ.

ಕಾಂಕ್ರೀಟ್ ಒಣಗಿದೆಯೇ ಎಂದು ನೋಡಲು ಎರಡಡಿ ಉದ್ದ, ಎರಡಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಅಡಿಯಲ್ಲಿ ಹನಿ ಕಂಡರೆ ಅಥವಾ ನೆಲ ಕಪ್ಪಾಗಿದ್ದರೆ ಇನ್ನೂ ಕಾಯಬೇಕು. ಒಣಗಿದ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಸ್ಕ್ರೂ ಬಿಗಿದ ಮೆರೈನ್ ಪ್ಲೈವುಡ್, ನಂತರ ಹಲಗೆ.

ಕೆಂಪುಕಲ್ಲಿನ ಗೋಡೆ ನೇರವಾಗಿರುತ್ತದೆಂದು ನಂಬಬೇಡಿ. ಮೊದಲ ಸಾಲಿಗೆ ನೂಲು ಹಿಡಿಯಿರಿ. ಅದು ಓರೆಯಾದರೆ ಕೊನೆಯವರೆಗೂ ಓರೆಯೇ. ಹಲಗೆಯ ಅಂಚಿನಲ್ಲಿ ಚಾಚಿದ, ಪಕ್ಕದ ಹಲಗೆಯ ತೋಡಿನೊಳಗೆ ಕೂರುವ ನಾಲಿಗೆಯ ಮೇಲೆ ಓರೆಯಾಗಿ, ಗೇಣಿಗೊಂದರಂತೆ ಆಣಿ ಹೊಡೆದರೆ ಮುಂದಿನ ಹಲಗೆ ಅದನ್ನು ಮುಚ್ಚುತ್ತದೆ. ಅಕ್ಕಪಕ್ಕದ ಸಾಲಿನ ಜೋಡಣೆಗಳು ಕನಿಷ್ಠ ಅರ್ಧ ಅಡಿ ದೂರವಿರಲಿ. ಉಜ್ಜುವುದು, ಪಾಲಿಶ್ ಮಾಡುವುದು ನಿಮಗೆ ಗೊತ್ತಿರುವುದೇ.

ಇನ್ನು ಬಕೆಟ್ ನೀರು ಸುರಿದು ನೆಲ ಒರೆಸುವ ನಮ್ಮ ಅಭ್ಯಾಸ ಆ ಕೋಣೆಗೆ ಬೇಡ. ಚೆನ್ನಾಗಿ ಹಿಂಡಿದ ಬಟ್ಟೆ ಸಾಕು. ಮನೆಯ ಎಲ್ಲರಿಗೂ, ಕೆಲಸಕ್ಕೆ ಬರುವ ಅಕ್ಕನಿಗೂ ಇದನ್ನು ಮೊದಲೇ ಹೇಳಿಡಿ. ಮರ ಕೊಳ್ಳುವಾಗಲೇ ಹತ್ತು ಶೇಕಡಾ ಹೆಚ್ಚು ತನ್ನಿ. ಉಳಿದ ಹಲಗೆಗಳನ್ನು ಕೊಟ್ಟಿಗೆಗೆ ಹಾಕದೆ ಅದೇ ಕೋಣೆಯ ಮಂಚದಡಿ ಚಪ್ಪಟೆಯಾಗಿ ಇಡಿ. ಮುಂದೊಂದು ದಿನ ಒಂದು ಹಲಗೆ ಬದಲಿಸಬೇಕಾಗಿ ಬಂದರೆ, ಬಣ್ಣಕ್ಕೂ ದಪ್ಪಕ್ಕೂ ಹೊಂದುವ ಹಲಗೆ ಕೈಗೆ ಸಿಗುತ್ತದೆ.

ನಮಸ್ಕಾರ.